ಹಿತ್ತಲಿನ ಬೆಣ್ಣೆಹಣ್ಣು: ಬೀಜದ ಗಿಡ, ಹಾಸ್, ಅರ್ಕಾ ಸುಪ್ರೀಂ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಬೀಜದಿಂದ ಎದ್ದ ನಾಟಿ ಬೆಣ್ಣೆಹಣ್ಣು, ಹಾಸ್ ಕಸಿಗಿಡ ಮತ್ತು ಅರ್ಕಾ ಸುಪ್ರೀಂ ಕಸಿಗಿಡ, ಈ ಮೂರನ್ನೂ ಬೆಳೆಸಿ ನೋಡಿದ್ದೇನೆ. ಕೊಳವೆಬಾವಿಯ ನೀರನ್ನೇ ನಂಬಿರುವ ಸಣ್ಣ ಜಾಗಕ್ಕೆ ಅರ್ಕಾ ಸುಪ್ರೀಂ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ ಆಯ್ಕೆಯಾದ ತಳಿ ಇದು. ಅಂದರೆ ನಮ್ಮ ಮಳೆ, ನಮ್ಮ ಬಿಸಿಲು ಕಂಡ ಗಿಡ.

ಬೀಜದ ಗಿಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖರ್ಚಿಲ್ಲ, ಬೇರು ಗಟ್ಟಿ. ಆದರೆ ಫಲಕ್ಕೆ ಆರೇಳು ವರ್ಷವಾದರೂ ಕಾಯಬೇಕು, ಮರ ಮಹಡಿಯನ್ನೂ ಮೀರಿ ಬೆಳೆಯುತ್ತದೆ, ಹಣ್ಣು ತಾಯಿಮರದಂತೆಯೇ ಇರುತ್ತದೆಂಬ ಖಾತ್ರಿಯೂ ಇಲ್ಲ.

ನನಗೆ ತೊಂದರೆ ಕೊಟ್ಟದ್ದು ಮೊದಲು ಕೊಂಡ ಹಾಸ್. ಅರ್ಕಾ ಗಿಡಕ್ಕಿಂತ ಹಲವು ಪಟ್ಟು ಹೆಚ್ಚು ಬೆಲೆ ಕೊಟ್ಟು ಒಂದು ನರ್ಸರಿಯಿಂದ ತಂದೆ. ಗಿಡ ಹುಲುಸಾಗಿ ಚಿಗುರಿತು. ಮಳೆಗಾಲ ಮುಗಿದ ಮೇಲೆ ಕಸಿಯ ಗಂಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿದಾಗ, ಬೆಣೆಯಂತೆ ಕೊರೆದು ಕೂರಿಸಿದ್ದ ಕಸಿಕಡ್ಡಿ ಕಪ್ಪಾಗಿ ಒಣಗಿ, ಬೆರಳಿನಿಂದ ತಳ್ಳಿದರೆ ಕಳಚಿ ಬರುವಂತಿತ್ತು. ಗಂಟಿನ ಕೆಳಗಿನಿಂದ ಹೊರಟ ಬೇರುಸಸಿಯ (ಕಸಿಗೆ ಬೇರು ಕೊಡುವ ಸಸಿಯ) ಚಿಗುರನ್ನು ಕೋಲಿಗೆ ಕಟ್ಟಿ ನೇರವಾಗಿ ನಿಲ್ಲಿಸಿದ್ದರು. ನಾನು ಅಷ್ಟು ದಿನ ನೀರೆರೆದದ್ದು ಹೆಸರಿಲ್ಲದ ನಾಟಿ ಸಸಿಗೆ. ಮಾರಿದವರು ಹೊಣೆ ಹೊರಲಿಲ್ಲ, ಹಣವೂ ವಾಪಸಾಗಲಿಲ್ಲ.

ಆದ್ದರಿಂದ ಯಾವ ತಳಿಯನ್ನೇ ಕೊಳ್ಳಿ, ಎಲೆಯ ಸೊಂಪನ್ನು ನೋಡುವ ಮೊದಲು ಗಂಟನ್ನು ನೋಡಿ. ಕಾಂಡದ ಮೇಲೆ ಓರೆಯಾದ ಕೂಡುಗೆರೆ ಕಾಣಬೇಕು, ಎಲೆಗಳೆಲ್ಲ ಆ ಗೆರೆಯ ಮೇಲಿನಿಂದಲೇ ಬಂದಿರಬೇಕು. ಪಟ್ಟಿ ಇನ್ನೂ ಬಿಗಿಯಾಗಿ ಮುಚ್ಚಿದ್ದರೆ ಅಂಗಡಿಯವರ ಮುಂದೆಯೇ ಸ್ವಲ್ಪ ಸಡಿಲಿಸಲು ಕೇಳಿ. ಒಪ್ಪದಿದ್ದರೆ ಆ ಗಿಡ ಬೇಡ. ನೆಟ್ಟ ನಂತರವೂ ಗಂಟಿನ ಕೆಳಗಿನ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಬೇಕು, ಏಕೆಂದರೆ ಬೇರಿನ ಬಲವೆಲ್ಲ ಮೊದಲು ಅದಕ್ಕೇ ಹೋಗಿ ಮೇಲಿನ ಕಡ್ಡಿ ಸೊರಗುತ್ತದೆ.

ಬೇರೆ ಕಡೆಯಿಂದ ತಂದ ಎರಡನೆಯ ಹಾಸ್ ಅಸಲಿಯಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ 1935ರಲ್ಲಿ ಪೇಟೆಂಟ್ ಪಡೆದ ಈ ತಳಿಯ ರುಚಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ತಿರುಳು ಗಟ್ಟಿ, ಎಣ್ಣೆಯಂಶ ಹೆಚ್ಚು, ಹಣ್ಣಾದಾಗ ಸಿಪ್ಪೆ ಕಪ್ಪಗಾಗುವುದರಿಂದ ಅಂದಾಜು ಸುಲಭ. ಆದರೆ ಬೆಣ್ಣೆಹಣ್ಣು ಉಪ್ಪುನೀರನ್ನು ತಾಳದ ಬೆಳೆ. ಬೇಸಿಗೆಯಲ್ಲಿ ಕೊಳವೆಬಾವಿಯ ಉಪ್ಪುಪ್ಪಾದ ನೀರು ಹಾಯಿಸಿದಾಗಲೆಲ್ಲ ಹಾಸ್‌ನ ಎಲೆಯ ತುದಿ ಸುಟ್ಟಂತೆ ಕಂದಾಗಿ, ಆ ಕಂದು ಅಂಚಿನುದ್ದಕ್ಕೂ ಒಳಗೆ ಸರಿಯಿತು. ನಾಟಿ ಬೇರಿನ ಮೇಲೆ ಕಸಿ ಮಾಡಿದ ಅರ್ಕಾ ಅದೇ ನೀರು ಕುಡಿದು ಹಸಿರಾಗಿಯೇ ಉಳಿಯಿತು. ನನ್ನ ಹಿತ್ತಲಿನಲ್ಲಿ ಬೇರುಸಸಿಯ ಆಯ್ಕೆ ತಳಿಯ ಆಯ್ಕೆಯಷ್ಟೇ ಮುಖ್ಯವಾಯಿತು.

ಹಾಸ್ ಎ ಬಗೆಯ ಹೂವಿನದು; ಬೆಳಗ್ಗೆ ಹೆಣ್ಣಾಗಿ ಅರಳಿ ಮುಚ್ಚಿ, ಮರುದಿನ ಮಧ್ಯಾಹ್ನ ಗಂಡಾಗಿ ಅರಳುತ್ತದೆ. ಸುತ್ತಮುತ್ತ ಇದಕ್ಕೆ ವಿರುದ್ಧ ಹೊತ್ತಿನಲ್ಲಿ ಅರಳುವ ಬಿ ಬಗೆಯ ಬೆಣ್ಣೆಹಣ್ಣಿನ ಮರವಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ.

ಮೂರಕ್ಕೂ ಸಮಾನವಾದ ಶತ್ರು ನಿಂತ ನೀರು. ಅಲ್ಲಿ ಹಬ್ಬುವ ಫೈಟಾಫ್ಥೊರಾ ಎಂಬ ರೋಗಾಣು ಬೇರು ಕೊಳೆಸುತ್ತದೆ, ಹಾಗಾಗಿ ಗುಂಡಿಗಿಂತ ದಿಬ್ಬದ ಮೇಲೆ ನೆಡುವುದೇ ಲೇಸು. ಅರ್ಕಾ ಗಿಡದ ತುದಿಯನ್ನು ಸೊಂಟದೆತ್ತರದಲ್ಲಿ ಕತ್ತರಿಸಿ, ಕೊಯ್ಲಾದ ಮೇಲೆ ಪ್ರತಿ ವರ್ಷ ಸವರುತ್ತಿರುವುದರಿಂದ ಏಣಿಯಿಲ್ಲದೆ ಕೈಗೆಟುಕುವಷ್ಟಕ್ಕೆ ನಿಂತಿದೆ.

ನಮ್ಮ ಮನೆಯಲ್ಲಿ ಬೆಣ್ಣೆಹಣ್ಣೆಂದರೆ ಹಾಲು, ಸಕ್ಕರೆ ಹಾಕಿ ಮಾಡುವ ಜ್ಯೂಸ್. ಅದಕ್ಕೆ ಹಾಸ್‌ನ ದುಬಾರಿ ಎಣ್ಣೆಯಂಶ ಬೇಕಿಲ್ಲ, ಅರ್ಕಾದ ತಿರುಳು ಧಾರಾಳ ಸಾಕು. ಬ್ರೆಡ್ಡಿಗೆ ಸವರಿ ಉಪ್ಪು, ಮೆಣಸು ಹಾಕಿ ತಿನ್ನುವವರಿಗೆ, ಮಳೆನೀರು ಸಂಗ್ರಹಿಸಿಟ್ಟುಕೊಂಡವರಿಗೆ ಹಾಸ್ ಮೇಲೆನಿಸೀತು.

ಮೋಸದ ಆ ಸಸಿಯನ್ನು ಕಿತ್ತು ಹಾಕಲಿಲ್ಲ. ಮುಂಗಾರು ಹಿಡಿದಾಗ ಪೆನ್ಸಿಲ್ ದಪ್ಪದ ಕೊಂಬೆಯೊಂದನ್ನು ಸೀಳಿ, ನಮ್ಮದೇ ಅರ್ಕಾದಿಂದ ಮೊಗ್ಗು ಉಬ್ಬಿದ ಕಡ್ಡಿಯನ್ನು ತೆಗೆದು, ಎಲೆ ಕತ್ತರಿಸಿ, ತೊಗಟೆಗೆ ತೊಗಟೆ ಸೇರುವಂತೆ ಕೂರಿಸಿ ಬಿಗಿದೆ. ತೇವ ಆರದಂತೆ ಮೇಲೊಂದು ಪ್ಲಾಸ್ಟಿಕ್ ಕೊಟ್ಟೆ ಹೊದಿಸಿದೆ. ಕಡ್ಡಿ ಹಿಡಿಯಿತು. ಕೆಳಗಿನ ಚಿಗುರನ್ನು ಚಿವುಟುವ ಕೆಲಸ ಮಾತ್ರ ಈಗಲೂ ಬಿಟ್ಟಿಲ್ಲ.