ಮಕ್ಕಳ ಇಸಬಿಗೆ ಸಲಹೆ: ಹುಬ್ಬಳ್ಳಿಯ ಒಂದು ಚರ್ಮರೋಗ ಚಿಕಿತ್ಸಾಲಯ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಖಾಸಗಿ ಚರ್ಮರೋಗ ಚಿಕಿತ್ಸಾಲಯವೊಂದಕ್ಕೆ ನಮ್ಮ ನಾಲ್ಕು ವರ್ಷದ ಮಗಳನ್ನು ಕಳೆದ ಚಳಿಗಾಲದಿಂದ ಕರೆದೊಯ್ಯುತ್ತಿದ್ದೇವೆ. ಕೂಸಾಗಿದ್ದಾಗ ಕೆನ್ನೆಯ ಮೇಲೆ ಕಾಣಿಸಿಕೊಂಡ ಇಸಬು ಈಗ ಮೊಣಕೈ ಮಡಿಕೆಗೂ ಮೊಣಕಾಲಿನ ಹಿಂಭಾಗಕ್ಕೂ ಬಂದಿದ್ದು, ಒಣಗಾಳಿ ಬೀಸುವ ಡಿಸೆಂಬರ್, ಜನವರಿಯಲ್ಲಿ ಉಲ್ಬಣಿಸಿ ಮನೆಯವರೆಲ್ಲರ ನಿದ್ದೆಗೆಡಿಸುತ್ತದೆ. ಇಂಥ ಕಾಯಿಲೆಗೆ ಚೀಟಿ ಬರೆದುಕೊಡುವ ವೈದ್ಯರಿಗೆ ಕೊರತೆಯಿಲ್ಲ. ಬರೆದ ಮುಲಾಮನ್ನು ಎಲ್ಲಿ, ಎಷ್ಟು, ಎಷ್ಟು ದಿನ ಹಚ್ಚಬೇಕೆಂದು ಕೂತು ಹೇಳಿಕೊಡುವವರು ಸಿಗುವುದು ಕಷ್ಟ. ಈ ಚಿಕಿತ್ಸಾಲಯವನ್ನು ನಾನು ಶಿಫಾರಸು ಮಾಡುವುದು ಮುಖ್ಯವಾಗಿ ಆ ಕಾರಣಕ್ಕೆ.

ಮೊದಲ ಭೇಟಿಯಲ್ಲಿ ವೈದ್ಯೆ ಮನೆಯಲ್ಲಿ ಯಾರಿಗಾದರೂ ಅಸ್ತಮಾ ಅಥವಾ ಮೂಗಿನ ಅಲರ್ಜಿ ಇದೆಯೇ, ಮಗುವಿಗೆ ಯಾವ ಸೋಪು ಹಚ್ಚುತ್ತೀರಿ, ಕಡಲೆಹಿಟ್ಟಿನಿಂದ ಉಜ್ಜುತ್ತೀರಾ ಎಂದು ವಿಚಾರಿಸಿ, ಅದುವರೆಗೆ ಬಳಸಿದ ಎಲ್ಲ ಟ್ಯೂಬುಗಳನ್ನೂ ಮೇಜಿನ ಮೇಲೆ ಇಡಲು ಹೇಳಿದರು. ಸಂಬಂಧಿಕರೊಬ್ಬರು ಔಷಧದ ಅಂಗಡಿಯಿಂದ ಸುಮ್ಮನೆ ತಂದುಕೊಟ್ಟಿದ್ದ, ಪ್ರಬಲ ಸ್ಟೀರಾಯ್ಡ್, ಆ್ಯಂಟಿಬಯಾಟಿಕ್ ಮತ್ತು ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬನ್ನು ಪಕ್ಕಕ್ಕಿಟ್ಟು, ಇನ್ನು ಅದನ್ನು ಮುಟ್ಟಬೇಡಿ ಎಂದರು. ಕೇಂದ್ರ ಸರ್ಕಾರವು 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದ್ದರೂ ಅವು ಇಂದಿಗೂ ಕೇಳಿದವರ ಕೈಗೆ ಸಿಗುತ್ತಿವೆ.

ಸ್ಟೀರಾಯ್ಡ್ ಎಂದೊಡನೆ ನಾವು ಹಿಂಜರಿದದ್ದನ್ನು ಗಮನಿಸಿದ ಅವರು, ಕಡಿಮೆ ತೀವ್ರತೆಯ ಮುಲಾಮನ್ನು ನನ್ನ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿ ತೋರಿಸಿದರು. ಇದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಗಳಷ್ಟು ಚರ್ಮಕ್ಕೆ ಸಾಕು. ಹೆದರಿ ಚೂರೇ ಚೂರು ಸವರಿದರೆ ಇಸಬು ಇಳಿಯದೆ, ಕೊನೆಗೆ ಔಷಧ ಬಳಸುವ ದಿನಗಳೇ ಹೆಚ್ಚಾಗುತ್ತವೆ ಎಂಬ ವಿವರಣೆ ನಮಗೆ ಮನದಟ್ಟಾಯಿತು. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಮೈಯ ಪಸೆ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚುವುದು, ಇವು ಇಸಬು ತಣ್ಣಗಿರುವಾಗಲೂ ತಪ್ಪಬಾರದು. ಬದನೆಕಾಯಿ ನಂಜಲ್ಲವೇ, ಮೊಟ್ಟೆ, ಹಾಲು ಬಿಡಿಸಬೇಕೇ ಎಂದು ನಮ್ಮತ್ತೆ ಕೇಳಿದಾಗ ಅವರು ನಗಲಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ದದ್ದು ಏಳುವುದನ್ನು ಕಂಡಿದ್ದೀರಾ ಎಂದು ವಿಚಾರಿಸಿ, ಹಾಗಿಲ್ಲದಿದ್ದರೆ ಬೆಳೆಯುವ ಮಗುವಿಗೆ ಪಥ್ಯ ಬೇಡ ಎಂದರು. ಬುಡಸಮೇತ ಕಿತ್ತುಹಾಕುತ್ತೇವೆಂಬ ಫಲಕಗಳನ್ನು ಊರ ತುಂಬ ನೋಡಿದ್ದ ನಮಗೆ, ಹಲವು ಮಕ್ಕಳಲ್ಲಿ ವಯಸ್ಸಾದಂತೆ ಇದು ತಗ್ಗುತ್ತದೆ, ಅಲ್ಲಿಯವರೆಗೆ ಹತೋಟಿಯಲ್ಲಿಡಬೇಕು ಎಂಬ ನೇರ ಮಾತು ಹಿಡಿಸಿತು.

ಕೊರತೆಗಳೂ ಇವೆ. ಭೇಟಿಗೆಂದು ಮೊದಲೇ ಗೊತ್ತುಮಾಡಿ ಕೊಡುವ ಸಮಯಕ್ಕೆ ಅರ್ಥವೇ ಇಲ್ಲ. ಸೆಕೆಯ ಕೋಣೆಯಲ್ಲಿ ಕೆರೆದುಕೊಳ್ಳುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುವುದು ಶಿಕ್ಷೆಯೇ ಸರಿ. ಸುವಾಸನೆಯಿಲ್ಲದ ಯಾವುದೇ ಗಟ್ಟಿ ಮಾಯಿಶ್ಚರೈಸರ್, ಬರಿಯ ಪೆಟ್ರೋಲಿಯಂ ಜೆಲ್ಲಿ ಕೂಡ ನಡೆಯುತ್ತದೆಂದು ವೈದ್ಯೆ ಹೇಳಿದ್ದರೂ, ಕೆಳಗಿನ ಔಷಧದಂಗಡಿಯವರು ದುಬಾರಿ ಬಾಟಲಿಯನ್ನೇ ಮುಂದಿಡುತ್ತಾರೆ. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ, ಹಗಲು ಮಗುವನ್ನು ನೋಡಿಕೊಳ್ಳುವ ನಮ್ಮತ್ತೆಗಾಗಿ ನಾನೇ ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಬೇಕಾಯಿತು. ಈ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಸುತ್ತಲ ಹಳ್ಳಿಗಳವರಾದ್ದರಿಂದ, ಒಂದು ಪುಟದ ಕನ್ನಡ ಕರಪತ್ರವನ್ನಾದರೂ ಮುದ್ರಿಸಿಡಬಹುದಿತ್ತು.

ಹೋಗುವವರು ಹಳೆಯ ಟ್ಯೂಬುಗಳನ್ನು ಮರೆಯದೆ ಒಯ್ಯಿರಿ. ಗಾಯದಿಂದ ಹಳದಿ ಕೀವು ಒಸರುತ್ತಿದ್ದರೆ ಅಥವಾ ಜ್ವರವಿದ್ದರೆ ಎದುರು ಮೇಜಿನವರಿಗೆ ಮೊದಲೇ ಹೇಳಿ, ಸರದಿ ಕಾಯಿಸದೆ ಒಳಗೆ ಬಿಡುತ್ತಾರೆ.