ಎರಡು ಫೈಬರ್ ಲಿಂಕ್‌ಗಳ ಜೋಡಣೆ: ಸ್ಟ್ಯಾಟಿಕ್, ಆರ್‌ಎಸ್‌ಟಿಪಿ, ಎಲ್‌ಎಸಿಪಿ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕಚೇರಿಗೂ ಹಿಂದಿನ ಗೋದಾಮಿಗೂ ನಡುವೆ ಎರಡು ಫೈಬರ್ ಎಳೆಸಿ, ಅವನ್ನು ಸ್ವಿಚ್‌ಗಳಿಗೆ (ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿನಲ್ಲಿ ಬೆಸೆಯುವ ಪೆಟ್ಟಿಗೆಗಳಿಗೆ) ಜೋಡಿಸುವ ಮೂರು ವಿಧಾನಗಳನ್ನೂ ಬಳಸಿ ನೋಡಿದ್ದೇನೆ. ನನ್ನ ಆಯ್ಕೆ ಎಲ್‌ಎಸಿಪಿ, ಅಂದರೆ ಸ್ವಿಚ್‌ಗಳು ತಾವೇ ಮಾತಾಡಿಕೊಂಡು ಎರಡು ಲಿಂಕ್‌ಗಳನ್ನು ಒಂದು ಗುಂಪಾಗಿಸುವ ವಿಧಾನ. ಅದಕ್ಕೆ ಮುಖ್ಯ ಕಾರಣ ವೇಗವಲ್ಲ, ಏಕೆಂದರೆ ಒಂದೇ ಫೈಲಿನ ನಕಲು ಈ ಜೋಡಣೆಯಲ್ಲೂ ಒಂದೇ ಲಿಂಕಿನ ಮೇಲೆ ಸಾಗುತ್ತದೆ.

ಮೊದಲು ಕೊಂಡದ್ದು ಸ್ಟ್ಯಾಟಿಕ್ ಜೋಡಣೆ ಮಾತ್ರ ಇರುವ ಅಗ್ಗದ ಸ್ವಿಚ್. ಇದರಲ್ಲಿ ಪೋರ್ಟ್‌ಗಳನ್ನು ನಾವೇ ಒಂದು ಗುಂಪಾಗಿಸುತ್ತೇವೆ; ದೀಪ ಉರಿಯುವ ಪೋರ್ಟ್ ಸರಿಯಿದೆಯೆಂದೇ ಸ್ವಿಚ್ ನಂಬುತ್ತದೆ. ಸಿಡಿಲಿನ ಭಯದಿಂದ ಮಲೆನಾಡಿನಲ್ಲಿ ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಲು ನಾನು ಒಪ್ಪುವುದಿಲ್ಲ. ಆ ಸ್ವಿಚ್‌ನಲ್ಲಿ ಫೈಬರ್ ಪೋರ್ಟ್ ಇರಲಿಲ್ಲವಾದ್ದರಿಂದ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಸಾಧನ) ಹಾಕಬೇಕಾಯಿತು. ತೊಡಕು ಹುಟ್ಟಿದ್ದು ಅಲ್ಲಿಯೇ.

ಮಳೆಗಾಲದಲ್ಲಿ ಒಂದು ಫೈಬರ್ ತುಂಡಾಯಿತು. ಆದರೆ ಕನ್ವರ್ಟರಿಗೂ ಸ್ವಿಚ್ಚಿಗೂ ನಡುವಿನ ಗೇಣುದ್ದದ ಕೇಬಲ್ ಸರಿಯಿದ್ದುದರಿಂದ ಸ್ವಿಚ್‌ನ ಎರಡೂ ಪೋರ್ಟ್‌ಗಳಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು. ಗೋದಾಮಿನ ತೂಕದ ಕಂಪ್ಯೂಟರಿನಿಂದ ಕಚೇರಿಯ ಪ್ರಿಂಟರಿಗೆ ಬಿಲ್ ಹೋಗುತ್ತಿತ್ತು. ಅದೇ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ಆ ಪ್ರಿಂಟರ್ ಇದೆಯೆಂಬುದೇ ತಿಳಿಯುತ್ತಿರಲಿಲ್ಲ.

ಇದರ ಮೂಲ ಬ್ರಾಡ್‌ಕಾಸ್ಟ್ ಸಾಗುವ ರೀತಿಯಲ್ಲಿದೆ. ಬ್ರಾಡ್‌ಕಾಸ್ಟ್ ಎಂದರೆ ಎಲ್ಲರಿಗೂ ತಲುಪಬೇಕಾದ ಸಂದೇಶ. ಅಂಥದ್ದೇ ಆದ ಎಆರ್‌ಪಿ ಪ್ರಶ್ನೆಯನ್ನು (‘ಈ ಐಪಿ ವಿಳಾಸ ಯಾವ ಯಂತ್ರದ್ದು?’ ಎಂಬ ಕೂಗನ್ನು) ಸ್ವಿಚ್ ಉಳಿದ ಎಲ್ಲ ಪೋರ್ಟ್‌ಗಳಿಗೂ ಹಂಚುತ್ತದೆಯಾದರೂ, ಜೋಡಿಸಿದ ಗುಂಪಿನೊಳಗೆ ಒಂದೇ ಲಿಂಕ್ ಮೂಲಕ ಕಳುಹಿಸುತ್ತದೆ. ಒಂದರಿಂದ ಬಂದದ್ದನ್ನು ಇನ್ನೊಂದರಿಂದ ಹಿಂದಿರುಗಿಸುವುದೂ ಇಲ್ಲ. ಈ ಎರಡು ಎಚ್ಚರಗಳಿಲ್ಲದಿದ್ದರೆ ಒಂದೇ ಫ್ರೇಮಿನ (ದತ್ತಾಂಶದ ತುಣುಕಿನ) ಎರಡೆರಡು ಪ್ರತಿಗಳು ಹರಿದಾಡುತ್ತವೆ. ಯಾವ ಲಿಂಕ್ ಎಂಬುದು ನಮ್ಮ ಸ್ವಿಚ್‌ನಲ್ಲಿ ಕಳುಹಿಸುವವರ ಮತ್ತು ಪಡೆಯುವವರ ಮ್ಯಾಕ್ ವಿಳಾಸಗಳ (ಯಂತ್ರಗಳ ನೆಟ್‌ವರ್ಕ್ ಗುರುತಿನ ಸಂಖ್ಯೆಗಳ) ಲೆಕ್ಕದಿಂದ ನಿರ್ಧಾರವಾಗುತ್ತಿತ್ತು. ಬ್ರಾಡ್‌ಕಾಸ್ಟ್‌ನಲ್ಲಿ ಪಡೆಯುವವರ ವಿಳಾಸ ಯಾವಾಗಲೂ ಒಂದೇ ಆದ್ದರಿಂದ, ಕಳುಹಿಸುವ ಯಂತ್ರದ ವಿಳಾಸವೇ ದಾರಿಯನ್ನು ತೀರ್ಮಾನಿಸುತ್ತದೆ. ಲ್ಯಾಪ್‌ಟಾಪಿನ ಪಾಲಿಗೆ ಬಂದದ್ದು ಸತ್ತ ಫೈಬರ್. ಆ ಫೈಬರಿನ ಎರಡೂ ತುದಿಯ ಗೇಣುದ್ದದ ಕೇಬಲ್ ಕಿತ್ತೊಡನೆ ಎಲ್ಲವೂ ಸರಿಯಾಯಿತು. ಫೈಬರ್ ಕಡಿದಾಗ ತಾಮ್ರದ ಪೋರ್ಟನ್ನೂ ಆರಿಸುವ ಕನ್ವರ್ಟರ್‌ಗಳಿವೆ. ಆದರೆ ಅವುಗಳಿಗೆ ತೆರುವ ಹಣವನ್ನು ಒಳ್ಳೆಯ ಸ್ವಿಚ್‌ಗೆ ಹಾಕುವುದೇ ಲೇಸು.

ಎಲ್‌ಎಸಿಪಿಯಲ್ಲಿ ಎರಡೂ ಸ್ವಿಚ್‌ಗಳು ಪ್ರತಿ ಲಿಂಕಿನ ಮೇಲೂ ಪರಸ್ಪರ ಸಂದೇಶ ಕಳುಹಿಸುತ್ತಿರುತ್ತವೆ. ಸಂದೇಶ ನಿಂತರೆ, ದೀಪ ಹಸಿರಾಗಿದ್ದರೂ, ಆ ಲಿಂಕ್ ಗುಂಪಿನಿಂದ ಹೊರಬೀಳುತ್ತದೆ: ವೇಗದ ಕ್ರಮದಲ್ಲಿ 3 ಸೆಕೆಂಡಿಗೆ, ನಿಧಾನದ ಕ್ರಮದಲ್ಲಿ 90 ಸೆಕೆಂಡಿಗೆ. ವೇಗದ ಕ್ರಮವನ್ನೇ ಆರಿಸಬೇಕು, ಮತ್ತು ಒಂದು ತುದಿಯಾದರೂ ಆ್ಯಕ್ಟಿವ್ ಆಗಿರಬೇಕು, ಅಂದರೆ ಸಂದೇಶವನ್ನು ತಾನೇ ಮೊದಲು ಕಳುಹಿಸುವಂತಿರಬೇಕು. 2000ದಲ್ಲಿ 802.3ಎಡಿ ಹೆಸರಿನಲ್ಲಿ ಬಂದ ಮಾನದಂಡವಿದು. ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳೂ ಹೊಂದಿಕೊಳ್ಳುತ್ತವೆ.

ಆರ್‌ಎಸ್‌ಟಿಪಿ ಒಂದು ಲಿಂಕನ್ನು ಬಳಸಿ ಇನ್ನೊಂದನ್ನು ತಡೆದಿಡುತ್ತದೆ, ಮೊದಲನೆಯದು ಕೆಟ್ಟರೆ ಮಾತ್ರ ಅದನ್ನು ತೆರೆಯುತ್ತದೆ. ಅದೂ ಸಂದೇಶಗಳನ್ನೇ ನಂಬುವುದರಿಂದ ಇಂಥ ಕಡಿತವನ್ನು ಹಿಡಿಯುತ್ತದೆ, ಆದರೆ ಒಂದು ಫೈಬರ್ ಸುಮ್ಮನೆ ಕೂರುತ್ತದೆ.

ಗೋದಾಮಿನ ಕ್ಯಾಮೆರಾಗಳ ವಿಡಿಯೊ ಹಗಲಿರುಳು ಕಚೇರಿಗೆ ಹರಿಯುವುದರಿಂದ ನನಗೆ ಎರಡೂ ಲಿಂಕ್ ದುಡಿಯಬೇಕು; ಹಾಗಾಗಿ ಎಸ್‌ಎಫ್‌ಪಿ ಪೋರ್ಟ್ (ಕನ್ವರ್ಟರ್ ಇಲ್ಲದೆ ಫೈಬರ್ ಜೋಡಿಸಬಹುದಾದ ಪೋರ್ಟ್) ಮತ್ತು ಎಲ್‌ಎಸಿಪಿ ಎರಡೂ ಇರುವ ಸ್ವಿಚ್‌ಗಳನ್ನು ತರಿಸಿ ಕನ್ವರ್ಟರ್‌ಗಳನ್ನು ಕಿತ್ತುಹಾಕಿದೆ. ಬಿಲ್ಲಿಂಗ್ ಮಾತ್ರ ಇರುವ ಸಣ್ಣ ಮಂಡಿಗೆ ಆರ್‌ಎಸ್‌ಟಿಪಿ ಸಾಕು. ಸ್ಟ್ಯಾಟಿಕ್ ಜೋಡಣೆಯನ್ನು ನಡುವೆ ಕನ್ವರ್ಟರ್ ಇರುವ ಯಾವ ದಾರಿಗೂ ನಾನು ಹಾಕುವುದಿಲ್ಲ.