ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದೇ ಹಾರಾಟ

2023ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆ ಹೊರಟಾಗ ಏರ್ ಇಂಡಿಯಾದ ನೇರ ವಿಮಾನದಲ್ಲೇ ಹೋದೆ. ಅದಕ್ಕೂ ಮುಂಚೆ ಒಂದು ಸಲ ನಡುವೆ ಇಳಿದು ಬೇರೆ ವಿಮಾನ ಹತ್ತಿದ್ದೆ. ಗೇಟ್ ಬದಲಾಗಿದ್ದು ಗೊತ್ತಾಗದೆ ಅಳುವ ಹಾಗಾಗಿತ್ತು. ಇಲ್ಲಿ ಆ ಭಯವೇ ಇರಲಿಲ್ಲ.

ದೂರ ಸುಮಾರು 14,000 ಕಿಲೋಮೀಟರ್. ಹೋಗುವಾಗ ಹದಿನಾರು ಗಂಟೆ ಹಿಡಿಯಿತು. ಬರುವಾಗ ಇನ್ನೂ ಜಾಸ್ತಿ, ಎದುರುಗಾಳಿ ಅಲ್ವಾ. ಮಧ್ಯಾಹ್ನ ಬೆಂಗಳೂರು ಬಿಟ್ಟವಳು ಅದೇ ತಾರೀಖಿನ ಸಂಜೆ ಅಲ್ಲಿ ಇಳಿದೆ! ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ.

ನಡೆಯುವ ದಾರಿಯ ಪಕ್ಕದ ಸೀಟೇ ತಗೊಳ್ಳಿ. ನನ್ನ ಕಾಲು ಊದಿ ಚಪ್ಪಲಿಯ ಪಟ್ಟಿ ಬಿಗಿಯಾಗಿತ್ತು. ಎರಡು ಗಂಟೆಗೊಮ್ಮೆ ಎದ್ದು ಓಡಾಡಿದ ಮೇಲೆ ಹಗುರಾಯಿತು. ಎದುರಿನ ಪರದೆಯಲ್ಲಿ ಪುಟ್ಟ ವಿಮಾನದ ಚಿತ್ರ ಪೆಸಿಫಿಕ್ ಸಾಗರದ ಮೇಲೆ ಇಷ್ಟಿಷ್ಟೇ ಜರುಗುತ್ತಿತ್ತು. ಕೆಳಗೆ ಬರೀ ನೀಲಿ. ನಿದ್ದೆ ಬರದಿದ್ದಾಗ ಅದನ್ನೇ ನೋಡುತ್ತಾ ಕೂತಿದ್ದೆ.

ಗಗನಸಖಿಯೊಬ್ಬಳು ಕೇಳುವ ಮೊದಲೇ ಬಿಸಿನೀರು ತಂದು ಕೊಟ್ಟಳು. ಆ ಹುಡುಗಿ ಚೆನ್ನಾಗಿರಲಿ. ಟಿಕೆಟ್ ಸ್ವಲ್ಪ ದುಬಾರಿ ಆದರೂ ಒಂಟಿಯಾಗಿ ಹೋಗುವ ಅಮ್ಮಂದಿರಿಗೆ ನೇರ ವಿಮಾನ ಇದ್ದರೆ ಅದನ್ನೇ ಮಾಡಿಸಿ. ಹೊರಗೆ ಬಂದಾಗ ಅಳಿಯ ನಿಂತಿದ್ದರು. ಚೀಲದಲ್ಲಿದ್ದ ಅಂಟಿನುಂಡೆ ಒಂದೂ ಒಡೆದಿರಲಿಲ್ಲ.